ಮಣ್ಣಿನ ಚೀಟಿಯಲ್ಲಿಯ ರಂಜಕದ ಲೆಕ್ಕ

ಅಕ್ಕಲಕೋಟೆ, ಜತ್ತ ಭಾಗದ ನಮ್ಮ ರೈತರ ಕೈಗೆ ಬರುವ ಮಣ್ಣು ಪರೀಕ್ಷೆಯ ಚೀಟಿ ಮರಾಠಿಯಲ್ಲಿರುತ್ತದೆ. ಅದರಲ್ಲಿ 'ಸ್ಫುರದ' ಎಂದು ಬರೆದುದೇ ನಾವು ರಂಜಕವೆನ್ನುವ ಸತ್ವ. ಡಿ.ಎ.ಪಿ. ಚೀಲ ಎಷ್ಟು ಕೊಳ್ಳಬೇಕೆಂಬುದು ಬಹುಮಟ್ಟಿಗೆ ಈ ಒಂದು ಅಂಕಿಯ ಮೇಲೆ ನಿಂತಿದೆ. ಆ ಅಂಕಿ ಹೇಗೆ ಹುಟ್ಟುತ್ತದೆಂಬುದನ್ನು ಈ ವಾರ ನೋಡೋಣ. ಇದಕ್ಕೆ ಏಳನೆಯ ಇಯತ್ತೆಯ ಗಣಿತ ಸಾಕು.

ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಗ್ಲಾಸು ನೀರಿಗೆ ಒಂದು ಹನಿ, ಇನ್ನೊಂದಕ್ಕೆ ಎರಡು ಹನಿ ಹಾಕಿ ಬಿಸಿಲಿಗೆ ಹಿಡಿಯಿರಿ. ಯಾವುದರಲ್ಲಿ ನೀಲಿ ಹೆಚ್ಚೆಂದು ಮಕ್ಕಳೂ ಹೇಳಬಲ್ಲರು. ಪ್ರಯೋಗಶಾಲೆಯ ಕೆಲಸವೂ ಇಂಥದೇ. ಮಣ್ಣಿನೊಳಗಿನ ರಂಜಕವನ್ನು ದ್ರಾವಣಕ್ಕೆ ಬಿಡಿಸಿ, ಮಾಲಿಬ್ಡೇಟ್ ಮೊದಲಾದ ರಾಸಾಯನಿಕಗಳನ್ನು ಸೇರಿಸಿ ನೀಲಿ ಬಣ್ಣ ಬರಿಸುತ್ತಾರೆ. ಸುಣ್ಣದಂಶವುಳ್ಳ ನಮ್ಮ ಎರೆ ಭೂಮಿಗೆ, 1954ರಲ್ಲಿ ಅಮೆರಿಕದ ಓಲ್ಸೆನ್ ಮತ್ತು ಸಂಗಡಿಗರು ತೋರಿಸಿದ ಅಡಿಗೆ ಸೋಡಾ ದ್ರಾವಣದ ಪದ್ಧತಿ ಒಪ್ಪುತ್ತದೆ. ಕಾಸರಗೋಡಿನ ಹುಳಿಗುಣದ ಮುರಕಲ್ಲು ಮಣ್ಣಿಗೆ ಬೇರೆ ಪದ್ಧತಿಯುಂಟು.

ಯಂತ್ರವು ನೀಲಿ ನೀರಿನ ಮೂಲಕ ಕೆಂಪು ಬೆಳಕನ್ನು ಹಾಯಿಸಿ ಎಷ್ಟು ದಾಟಿತೆಂದು ಅಳೆಯುತ್ತದೆ. ಒಂದು ಪಾಲು ಬಣ್ಣ ಅರ್ಧ ಬೆಳಕನ್ನು ಹೀರಿದರೆ ಎರಡು ಪಾಲು ಬಣ್ಣ ಎಲ್ಲವನ್ನೂ ಹೀರುವುದಿಲ್ಲ. ಉಳಿದರ್ಧದಲ್ಲಿ ಅರ್ಧವನ್ನು ಹೀರುತ್ತದೆ. ಕಾಲು ದಾಟುತ್ತದೆ. ಮೂರು ಪಾಲಿಗೆ ಅರೆಕಾಲು. ಆದ್ದರಿಂದ ದಾಟಿದ ಬೆಳಕಿನಿಂದ ನೇರ ಲೆಕ್ಕ ಬರುವುದಿಲ್ಲ. ಹತ್ತರಲ್ಲೊಂದು ಪಾಲು ದಾಟಿದರೆ 1, ನೂರರಲ್ಲೊಂದು ದಾಟಿದರೆ 2 ಎಂಬ ಹೀರಿಕೆಯ ಅಂಕಿಯನ್ನು ಇಟ್ಟುಕೊಂಡಿದ್ದಾರೆ. ತಿಳಿಯಾದ ದ್ರಾವಣದಲ್ಲಿ ರಂಜಕ ಇಮ್ಮಡಿಯಾದರೆ ಈ ಅಂಕಿಯೂ ಇಮ್ಮಡಿ. 1852ರಲ್ಲಿ ಜರ್ಮನಿಯ ಬೇರ್ ಎಂಬವನು ತೋರಿಸಿದ್ದು ಇದನ್ನೇ.

ಆದರೆ ಯಂತ್ರಕ್ಕೆ ರಂಜಕ ಗೊತ್ತಿಲ್ಲ, ಬೆಳಕು ಮಾತ್ರ ಗೊತ್ತು. ಅದಕ್ಕಾಗಿ ಮೊದಲು ಗೊತ್ತಿದ್ದ ಪ್ರಮಾಣದ ರಂಜಕವಿಟ್ಟು ಅಳೆಯಬೇಕು. ಲೀಟರಿಗೆ 0.2 ಮಿಲಿಗ್ರಾಂ ಇದ್ದಾಗ ಅಂಕಿ 0.10, 0.4 ಇದ್ದಾಗ 0.20 ಬಂದಿತೆನ್ನಿ. ಅಂದರೆ ಹೀರಿಕೆಯ ಅಂಕಿಯ ಇಮ್ಮಡಿಯೇ ರಂಜಕ. ಇನ್ನು ಮಣ್ಣೇ ಹಾಕದ ಖಾಲಿ ದ್ರಾವಣಕ್ಕೂ ಎಲ್ಲ ಸಂಸ್ಕಾರ ಮಾಡಿ ಅಳೆಯಬೇಕು. ಎರೆ ಮಣ್ಣಿನ ರಸ ಕಂದಾಗಿರುವುದರಿಂದ ಇದ್ದಿಲ ಪುಡಿ ಹಾಕಿ ಸೋಸುತ್ತಾರೆ. ಆ ಇದ್ದಿಲಿನಲ್ಲಿಯೇ ರಂಜಕ ಇದ್ದೀತು!

ಈಗ ಲೆಕ್ಕ. ನಮ್ಮ ಮಣ್ಣಿನ ಅಂಕಿ 0.04, ಖಾಲಿಯದು 0.02. ಕಳೆದರೆ 0.02, ಇಮ್ಮಡಿಸಿದರೆ ಲೀಟರಿಗೆ 0.04 ಮಿಲಿಗ್ರಾಂ. ಎರಡೂವರೆ ಗ್ರಾಂ ಮಣ್ಣಿಗೆ 50 ಮಿಲಿಲೀಟರ್ ದ್ರಾವಣ ಹಾಕಿದ್ದರಿಂದ 20 ಪಟ್ಟು, ಸೋಸಿದ 5 ಮಿಲಿಲೀಟರನ್ನು 25ಕ್ಕೆ ಏರಿಸಿದ್ದರಿಂದ 5 ಪಟ್ಟು, ಒಟ್ಟು 100 ಪಟ್ಟು ತೆಳುವಾಗಿದೆ. ಆದ್ದರಿಂದ ಕಿಲೋ ಮಣ್ಣಿಗೆ 4 ಮಿಲಿಗ್ರಾಂ. ಹೆಕ್ಟೇರಿನ ಮೇಲ್ಪದರದ ಮಣ್ಣನ್ನು 22.4 ಲಕ್ಷ ಕಿಲೋ ಎಂದು ಹಿಡಿಯುವುದು ರೂಢಿ. ಹೆಕ್ಟೇರಿಗೆ ಸುಮಾರು 9 ಕಿಲೋ ರಂಜಕವಾಯಿತು. ಹತ್ತಕ್ಕಿಂತ ಕೆಳಗಿದ್ದರೆ 'ಕಡಿಮೆ', ಹತ್ತರಿಂದ ಇಪ್ಪತ್ತೈದು 'ಮಧ್ಯಮ'. ನಮ್ಮದು ಕಡಿಮೆ.

ಖಾಲಿಯದನ್ನು ಕಳೆಯದಿದ್ದರೆ? 18 ಕಿಲೋ ಬಂದು ಹೊಲ 'ಮಧ್ಯಮ'ವಾಗಿ ಬಿಡುತ್ತದೆ. ಇದು ನಮಗೇ ಆದ ಅನುಭವ. ಒಂದು ವರ್ಷ ಚೀಟಿಯಲ್ಲಿ 18 ಕಂಡು, ಹಿಂಗಾರಿ ಕಡಲೆಗೆ ಗೊಬ್ಬರ ಅರ್ಧ ಮಾಡಿದೆವು. ಗಿಡ ಕುಳ್ಳಾಗಿಯೇ ಉಳಿಯಿತು. ಮಳೆಯೂ ಕೈಕೊಟ್ಟಿತ್ತು, ಎಲ್ಲ ತಪ್ಪನ್ನೂ ಚೀಟಿಯ ಮೇಲೆ ಹೊರಿಸಲಾರೆವು. ಆದರೂ ಹೋಗಿ ಕೇಳಿದಾಗ ಅಲ್ಲಿಯ ಹುಡುಗ ವಹಿ ತೆಗೆದು ನೋಡಿ, ಆ ದಿನ ಖಾಲಿಯದನ್ನು ಕಳೆದಿಲ್ಲವೆಂದು ತಾನೇ ಒಪ್ಪಿಕೊಂಡ.

ಇನ್ನೊಂದು ತೊಡಕಿದೆ. ಚೀಲದ ಮೇಲಿನ 46 ಎಂಬುದು ಬರಿಯ ರಂಜಕವಲ್ಲ, ಅದರ ಆಕ್ಸೈಡಿನ ಲೆಕ್ಕ. ರಂಜಕವನ್ನು 2.29ರಿಂದ ಗುಣಿಸಿದರೆ ಅದು ಸಿಗುತ್ತದೆ. ನಮ್ಮ 9 ಕಿಲೋ ಆ ಲೆಕ್ಕದಲ್ಲಿ 20.6 ಆಗುತ್ತದೆ, ಅದನ್ನೇ ರಂಜಕವೆಂದು ಓದಿದರೆ ಮತ್ತೆ 'ಮಧ್ಯಮ'! ಚೀಟಿ ಇಸಿದುಕೊಳ್ಳುವಾಗ ಎರಡು ಮಾತು ಕೇಳಿರಿ: ಖಾಲಿಯದನ್ನು ಕಳೆದಿದ್ದೀರಾ, ಇದು ರಂಜಕವೋ ಆಕ್ಸೈಡೋ.