ದೇವರಿಗೆ ಪ್ರಮಾಣವೇನು?

ದೇವರು ಇದ್ದಾನೆಂಬುದಕ್ಕೆ ಪ್ರಮಾಣವೇನೆಂದು ಮಕ್ಕಳು ಕೇಳಿದಾಗ ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರವೊಂದುಂಟು. ದಸರೆಯ ಗೊಂಬೆಗಳನ್ನು ಮಾಡಿದವನೊಬ್ಬನಿರುವಂತೆ ಜಗತ್ತನ್ನು ಮಾಡಿದವನೂ ಒಬ್ಬನಿರಲೇಬೇಕು ಎಂಬುದೇ ಅದು. ಚೆನ್ನೈಯಂತಹ ನಗರದಲ್ಲಿ ಬೆಳೆಯುವ ಮಕ್ಕಳು ಇಷ್ಟಕ್ಕೆ ಸುಮ್ಮನಾಗುವುದಿಲ್ಲ. ದೇವರಿಲ್ಲವೆಂದು ಇಲ್ಲಿ ಸುಮಾರು ಅರ್ಧ ಶತಮಾನ ಗಟ್ಟಿಯಾಗಿ ಸಾರಿದ ಈರೋಡಿನ ಪೆರಿಯಾರ್ ರಾಮಸ್ವಾಮಿಯವರ (1879–1973) ಮನೆಮಾತೂ ಕನ್ನಡವೇ ಆಗಿತ್ತೆಂಬುದು ಇಲ್ಲಿ ಸ್ಮರಣೀಯ.

ಗೊಂಬೆಯ ಯುಕ್ತಿ ಹೊಸದಲ್ಲ. ನೈಯಾಯಿಕರು ಅದನ್ನು ಗಡಿಗೆ-ಕುಂಬಾರರ ದೃಷ್ಟಾಂತದಿಂದ ನಿರೂಪಿಸುತ್ತಾರೆ. ಅವಯವಗಳುಳ್ಳ ಜಗತ್ತು ಕಾರ್ಯ. ಕಾರ್ಯಕ್ಕೆ ಕರ್ತೃ ಬೇಕು. ಆ ಕರ್ತೃವೇ ಈಶ್ವರ. ಮಿಥಿಲೆಯ ಉದಯನಾಚಾರ್ಯರ ‘ನ್ಯಾಯಕುಸುಮಾಂಜಲಿ’ ಈ ವಾದದ ಶಿಖರ. ಇದನ್ನು ಒಡೆದವರು ನಾಸ್ತಿಕರು ಮಾತ್ರವೆಂದು ತಿಳಿದವರಿಗೆ ಶ್ರೀಭಾಷ್ಯ ಅಚ್ಚರಿಯನ್ನುಂಟುಮಾಡುತ್ತದೆ. ಚೆನ್ನೈಗೆ ಸುಮಾರು 40 ಕಿಲೋಮೀಟರು ದೂರದ ಶ್ರೀಪೆರುಂಬೂದೂರಿನಲ್ಲಿ 1017ರಲ್ಲಿ ಜನಿಸಿ, ಮೇಲುಕೋಟೆಯಲ್ಲಿ ಹನ್ನೆರಡು ವರ್ಷ ನೆಲಸಿದರೆಂದು ಸಂಪ್ರದಾಯವು ಹೇಳುವ ರಾಮಾನುಜಾಚಾರ್ಯರೇ ‘ಶಾಸ್ತ್ರಯೋನಿತ್ವಾತ್’ ಎಂಬ ಬ್ರಹ್ಮಸೂತ್ರದ ವ್ಯಾಖ್ಯಾನದಲ್ಲಿ ಆ ಯುಕ್ತಿಯನ್ನು ಎಳೆಎಳೆಯಾಗಿ ಬಿಡಿಸಿ ತಳ್ಳಿಹಾಕಿದ್ದಾರೆ.

ಜಗತ್ತೆಲ್ಲ ಒಂದೇ ಕಾಲದಲ್ಲಿ, ಒಬ್ಬನಿಂದಲೇ ಆಯಿತೆಂದು ಹೇಗೆ ಹೇಳುವುದು? ಗೋಪುರವನ್ನು ಕಟ್ಟುವವರು ಹಲವರು. ಗೊಂಬೆಯನ್ನೇ ನೋಡಿ: ಮಣ್ಣು ಕಲಸುವವನೊಬ್ಬ, ಬಣ್ಣ ಹಚ್ಚುವವನು ಇನ್ನೊಬ್ಬ. ಮೇಲಾಗಿ ನಾವು ಕಂಡ ಕರ್ತೃಗಳಿಗೆಲ್ಲ ದೇಹವುಂಟು, ಅವರ ಅರಿವಿಗೆ ಮಿತಿಯುಂಟು. ಅನುಮಾನವನ್ನು ನೆಚ್ಚಿ ಹೊರಟರೆ ದೊರೆಯುವವನು ಸರ್ವಜ್ಞನಲ್ಲ, ದೊಡ್ಡ ಕುಂಬಾರನಷ್ಟೆ. ಧ್ಯಾನದಲ್ಲಿ ಕಂಡೆನೆಂಬ ಮಾತನ್ನೂ ಆಚಾರ್ಯರು ಪ್ರಮಾಣವಾಗಿ ಒಪ್ಪುವುದಿಲ್ಲ. ಹಿಂದೆ ಅನುಭವಿಸಿದ್ದೇ ಭಾವನೆಯ ಬಲದಿಂದ ಸ್ಪಷ್ಟವಾಗಿ ತೋರುವುದು ಅದು ಎನ್ನುತ್ತಾರೆ. ಪವಾಡದ ಕಥೆಗಳಲ್ಲಿ ಮೈಮರೆಯುವ ಭಕ್ತರು ಈ ಭಾಗವನ್ನು ಒಮ್ಮೆ ಓದಬೇಕು!

ಬೇರೆ ಹಲವು ವಿಷಯಗಳಲ್ಲಿ ಭಿನ್ನರಾದ ಶಂಕರ, ರಾಮಾನುಜ, ಮಧ್ವರು, ಕೇವಲ ತರ್ಕದಿಂದ ಬ್ರಹ್ಮವಸ್ತು ದೊರೆಯದು, ಶ್ರುತಿಯೇ ಆಧಾರ ಎಂಬಲ್ಲಿ ಒಂದಾಗುತ್ತಾರೆ.

ಹಾಗಾದರೆ ಶ್ರುತಿಯನ್ನು ನಂಬುವುದೇಕೆ? ತೊಡಕಿರುವುದು ಇಲ್ಲಿಯೇ. ವೇದವು ಈಶ್ವರನ ವಚನವಾದ್ದರಿಂದ ಪ್ರಮಾಣ, ಈಶ್ವರನಿದ್ದಾನೆಂಬುದಕ್ಕೆ ವೇದವೇ ಪ್ರಮಾಣ ಎಂದರೆ ಅನ್ಯೋನ್ಯಾಶ್ರಯದೋಷ ಬರುತ್ತದೆ. ಅದನ್ನು ತಪ್ಪಿಸಲೆಂದೇ ನೈಯಾಯಿಕರಿಗೆ ಅನುಮಾನ ಬೇಕಾಯಿತು. ವೇದಾಂತಿಗಳು ವೇದವನ್ನು ಅಪೌರುಷೇಯವೆಂದು ಹೇಳಿ ದೋಷದಿಂದ ಪಾರಾದರು. ಆದರೆ ಅದೇ ಅಪೌರುಷೇಯತ್ವವನ್ನು ಹಿಡಿದ ಮೀಮಾಂಸಕ ಕುಮಾರಿಲಭಟ್ಟರು ಸೃಷ್ಟಿಕರ್ತನಾದ ಈಶ್ವರನನ್ನೇ ಒಪ್ಪಲಿಲ್ಲ! ಯಜ್ಞಯಾಗಗಳಲ್ಲಿ ಅವರಿಗಿಂತ ಹೆಚ್ಚಿನ ಶ್ರದ್ಧೆಯುಳ್ಳವರನ್ನು ಹುಡುಕುವುದು ಕಷ್ಟ. ಆದುದರಿಂದ ಸಂದೇಹಪಡುವ ಮಗನನ್ನು ಕುಲಗೇಡಿಯೆಂದು ಗದರಿಸುವ ತಂದೆಗೆ ಪರಂಪರೆಯ ಬೆಂಬಲವಿಲ್ಲ.

ಅಪೌರುಷೇಯತ್ವದ ವಾದ ಇಂದಿನ ವಿದ್ಯಾವಂತ ತರುಣನಿಗೆ ಒಪ್ಪಿಗೆಯಾಗುವುದು ಸುಲಭವಲ್ಲ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಆದರೆ ರಾಮಾನುಜರು ಶಾಸ್ತ್ರವಾಕ್ಯದ ಅರ್ಥ ತಿಳಿದೊಡನೆ ಕೆಲಸ ಮುಗಿಯಿತೆಂದು ಹೇಳಿದವರಲ್ಲ. ಆ ತಿಳಿವು ಎಣ್ಣೆಯ ಧಾರೆಯಂತೆ ಕಡಿಯದ ಸ್ಮರಣೆಯಾಗಬೇಕು, ಸ್ಮರಣೆ ಪ್ರೀತಿಯಾಗಬೇಕು. ಭಕ್ತಿಯೆಂದರೆ ಅವರಿಗೆ ಅದೇ. ಅದಕ್ಕೂ ಮೊದಲು ಉಪನಿಷತ್ತು ಶ್ರವಣ, ಮನನಗಳನ್ನು ವಿಧಿಸಿದೆ. ಕೇಳಿದ್ದನ್ನು ಯುಕ್ತಿಯಿಂದ ಒರೆಗೆ ಹಚ್ಚುವುದೇ ಮನನ. ರಾಮಾನುಜರು ಖಂಡಿಸಿದ ಆ ಯುಕ್ತಿಗಳನ್ನು ಕಟ್ಟಿದ ಉದಯನರೂ ತಮ್ಮ ಚರ್ಚೆಯೆಲ್ಲ ಮನನರೂಪವಾದ ಉಪಾಸನೆಯೆಂದೇ ಭಾವಿಸಿದ್ದರು.