ಬಾಡಿಗೆಯ ಲೆಕ್ಕದಲ್ಲಿ ನೆಲದ ಪಾಲು

ದುಡಿಯುವ ಕುಟುಂಬಕ್ಕೆ ಬಾಡಿಗೆಗೆ ಕೊಡಲೆಂದು ವಿಜಯಪುರದಲ್ಲಿ ಮನೆ ಕಟ್ಟಿಸುವುದು ನಷ್ಟದ ಬಾಬು. ಮಾಳಿಗೆಯ ಮೇಲೆ ಎರಡು ಖೋಲಿ ಕಟ್ಟಿಸಿ ಬಾಡಿಗೆಗೆ ಕೊಟ್ಟವನಾಗಿ ಹೇಳುತ್ತಿದ್ದೇನೆ. ಲೆಕ್ಕಕ್ಕೆಂದು ಜಾಗಕ್ಕೆ 10 ಲಕ್ಷ, ಕಟ್ಟಡಕ್ಕೆ 10 ಲಕ್ಷ ಹಿಡಿಯೋಣ. ಆ 20 ಲಕ್ಷವನ್ನು ಶೇ 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 1.40 ಲಕ್ಷ ಬಡ್ಡಿ, ತಿಂಗಳಿಗೆ 11,600 ಚಿಲ್ಲರೆ. ಅಷ್ಟು ಬಾಡಿಗೆಯನ್ನು ಎಪಿಎಂಸಿ ಹಮಾಲ, ಆಸ್ಪತ್ರೆಯ ಆಯಾ ಎಲ್ಲಿಂದ ತರಬೇಕು? ಹಾಗಾಗಿ ದುಡ್ಡಿದ್ದವರು ಮಳಿಗೆ ಕಟ್ಟುತ್ತಾರೆ, ಪಿಜಿ ಕಟ್ಟುತ್ತಾರೆ. ಇಲ್ಲವೇ ಪ್ಲಾಟ್ ಕೊಂಡು ಕಂಪೌಂಡ್ ಹಾಕಿ ಬೆಲೆ ಏರಲೆಂದು ಕೂರುತ್ತಾರೆ.

ಈಗ ಜಾಗದ ಬೆಲೆ ತೆಗೆದುಬಿಡಿ. ಕಟ್ಟಡದ 10 ಲಕ್ಷಕ್ಕೆ ಶೇ 4 ಸಾಕು ಎನ್ನುವ ಹಣ ಸಿಕ್ಕಿತು ಅನ್ನಿ. ಬಡ್ಡಿ ತಿಂಗಳಿಗೆ 3,300, ದುರಸ್ತಿ ಮತ್ತು ತೆರಿಗೆಗೆ 700. ಅಸಲನ್ನು 40 ವರ್ಷಕ್ಕೆ ಹಂಚಿದರೆ ಇನ್ನೊಂದು 2,000. ಒಟ್ಟು 6,000, ಮೊದಲಿನದರ ಹೆಚ್ಚುಕಡಿಮೆ ಅರ್ಧ. ಇಟ್ಟಿಗೆ, ಸಿಮೆಂಟು ಒಂದಿಷ್ಟೂ ಅಗ್ಗವಾಗಿಲ್ಲ. ಇಳಿದದ್ದು ನೆಲದ ಬೆಲೆ, ಲಾಭದ ಆಸೆ, ಇವೆರಡೇ.

ಲಾಭದ ಆಸೆ ಬಿಟ್ಟು ಆಸರೆ ಕೊಡುವುದು ನಮ್ಮೂರಿಗೆ ಹೊಸ ವಿದ್ಯೆಯಲ್ಲ. ಬಬಲೇಶ್ವರ, ತಿಕೋಟಾ ಕಡೆಯ ಹುಡುಗರು ಇಲ್ಲಿ ಖೋಲಿ ಹಿಡಿದು ಓದಿದ್ದು ಬಸ್ಸಿಗೆ ಬರುತ್ತಿದ್ದ ಬುತ್ತಿಯ ಮೇಲೆ, ನಾನೂ ಅವರಲ್ಲೊಬ್ಬ. ಖೋಲಿಗೂ ಗತಿಯಿಲ್ಲದವರಿಗೆ ಮಠಗಳ, ಸಮಾಜಗಳ ಪ್ರಸಾದನಿಲಯಗಳಿದ್ದವು. ಯಾರೋ ಜಾಗ ಕೊಟ್ಟರು, ಯಾರೋ ಜೋಳದ ಚೀಲ ಕಳಿಸಿದರು. ವಚನ ಸಂಪಾದಕ ಫ.ಗು. ಹಳಕಟ್ಟಿಯವರು 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಟ್ಟಿದ ಊರು ಇದು. ವಚನಗಳ ಅಚ್ಚಿಗಾಗಿ ಅವರು ಸ್ವಂತ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಆಮೇಲೆ ಬಾಡಿಗೆ ಮನೆಯ ವಾಸ.

ವಿದ್ಯಾರ್ಥಿಗೆ ಸಿಕ್ಕ ಆ ಆಸರೆ ದುಡಿಯುವ ಸಂಸಾರಕ್ಕೆ ಸಿಗಲಿಲ್ಲ. ತಿಕೋಟಾ ಕಡೆ ದ್ರಾಕ್ಷಿ ಕಟಾವು ಮುಗಿಸಿ ನಗರಕ್ಕೆ ಕೆಲಸ ಹುಡುಕಿ ಬಂದ ಹೆಣ್ಣುಮಗಳೊಬ್ಬಳು ನಮ್ಮ ಖೋಲಿ ಕೇಳಿದಾಗ ಅಂದದ್ದು: "ಕಾಕಾ, ಬಾಡಿಗಿ ತಿಂಗಳಾ ಕೊಡ್ತೀನ್ರಿ. ಡಿಪಾಜಿಟ್ ಒಮ್ಮೆಲೆ ಆಗೂದಿಲ್ಲ." ಎರಡು ಕಂತಿಗೆ ಒಪ್ಪಿದೆ. ಕಂತು ತಪ್ಪಲಿಲ್ಲ. ಬಡವರ ಬಾಡಿಗೆ ಮುಳುಗುತ್ತದೆ ಎನ್ನುವವರು ತಮ್ಮ ದೊಡ್ಡ ಬಾಕಿದಾರರ ಪಟ್ಟಿ ಒಮ್ಮೆ ನೋಡಿಕೊಳ್ಳಲಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಜಿಟ್ ಬೇಡ ಅನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳಿಗೆ ಕಡ್ಡಾಯವಲ್ಲ.

ಸರ್ಕಾರವೂ ಸುಮ್ಮನೆ ಕುಳಿತಿಲ್ಲ. 2020ರಲ್ಲಿ ವಲಸೆ ಕಾರ್ಮಿಕರಿಗಾಗಿ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆ ಬಂತು; 2024ರ ಪ್ರಧಾನಮಂತ್ರಿ ಆವಾಸ್ ನಗರ 2.0ರಲ್ಲಿ ಬಾಡಿಗೆ ಮನೆಗೇ ಒಂದು ಭಾಗವಿದೆ. ಆದರೆ ನಮ್ಮ ಗೃಹ ನಿರ್ಮಾಣ ಸಹಕಾರಿ ಸಂಘಗಳು ಸಾಮಾನ್ಯವಾಗಿ ಮಾಡುವುದೇನು? ಜಮೀನು ಕೊಳ್ಳುತ್ತವೆ, ನಿವೇಶನ ಹಂಚುತ್ತವೆ, ಅಲ್ಲಿಗೆ ಸಹಕಾರ ಮುಗಿಯಿತು. ಸ್ವಿಟ್ಜರ್‌ಲೆಂಡಿನ ಜೂರಿಕ್‌ನಲ್ಲಿ ಸಂಘಗಳು ಮನೆಯನ್ನು ತಮ್ಮಲ್ಲೇ ಇಟ್ಟುಕೊಂಡು, ಖರ್ಚಿನಷ್ಟೇ ಬಾಡಿಗೆಗೆ ಸದಸ್ಯರಿಗೆ ಕೊಡುತ್ತವೆ. 2050ರೊಳಗೆ ನಗರದ ಬಾಡಿಗೆ ಮನೆಗಳ ಮೂರನೇ ಒಂದು ಭಾಗ ಲಾಭರಹಿತವಾಗಿರಬೇಕೆಂದು ಅಲ್ಲಿನ ಮತದಾರರು 2011ರಲ್ಲೇ ತೀರ್ಮಾನಿಸಿದರು.

ಅಂಥ ಮನೆ ಇಲ್ಲೂ ಏಳಬೇಕಾದರೆ ಅದನ್ನು ಕಟ್ಟುವ ಟ್ರಸ್ಟಿಗೋ ಸಹಕಾರಿ ಸಂಘಕ್ಕೋ ಹಣ, ನೆಲ ಎರಡೂ ಬೇಕು. ಮೊದಲು ನಿಮ್ಮ ಹಣದ ಮಾತಿಗೆ ಬರೋಣ. ದೇಣಿಗೆ ಕೊಡುವುದಾದರೆ 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಡಬೇಡಿ, ದೇಣಿಗೆಯ ಮೇಲಿನ ಆದಾಯ ತೆರಿಗೆ ವಿನಾಯಿತಿ ಹೋಗುತ್ತದೆ. ಹೊಸ ತೆರಿಗೆ ಪದ್ಧತಿಯವರಿಗೆ ಆ ವಿನಾಯಿತಿ ಹೇಗೂ ಇಲ್ಲ. ತೆರಿಗೆಗಾಗಿಯೇ ಕೊಡುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಸಂಘದಲ್ಲಿ ಠೇವಣಿ ಇಡುವುದಾದರೆ ಬ್ಯಾಂಕಿನ 5 ಲಕ್ಷದ ವಿಮೆ ಅದಕ್ಕೆ ಅನ್ವಯಿಸುವುದಿಲ್ಲ ಎಂಬುದು ಗೊತ್ತಿರಲಿ. ಮನೆಯ ಖರ್ಚಿಗೆ, ಔಷಧಕ್ಕೆ ಬೇಕಾದ ಹಣವನ್ನು ಅಲ್ಲಿಡಬೇಡಿ.

ನಗರದ ಅಂಚಿನಲ್ಲಿ, ತಿಕೋಟಾ ಅಥವಾ ಬಬಲೇಶ್ವರದಲ್ಲಿ ಖಾಲಿ ಜಾಗ ಇರುವವರು ದಾನ ಮಾಡಬೇಕೆಂದೇನಿಲ್ಲ. 40 ವರ್ಷದ ಗುತ್ತಿಗೆಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ ಟ್ರಸ್ಟಿಗೋ ಸಂಘಕ್ಕೋ ಕೊಡಿ. ಬಾಡಿಗೆ ಎಷ್ಟು, ಯಾರಿಗೆ, ವರ್ಷಕ್ಕೆ ಎಷ್ಟು ಏರಿಸಬಹುದು ಎಂಬುದನ್ನು ಪತ್ರದಲ್ಲೇ ಬರೆಸಿ. ಒಡೆತನ ನಿಮ್ಮ ಮಕ್ಕಳಿಗೇ ಉಳಿಯುತ್ತದೆ.