ಹಳೇ ಕಾರ್ಡ್, ಹೊಸ ವಿಂಡೋಸ್, ಅಪ್ಪನ ಟೇಪುಗಳು

ಪ್ರಶ್ನೆ: ನಮ್ಮಪ್ಪ ಊರಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದವರು. ಮದುವೆ, ಉಪನಯನ, ಗೃಹಪ್ರವೇಶ ಎಲ್ಲ ಮಿನಿ ಡಿವಿ ಟೇಪಿನಲ್ಲಿವೆ, ಬೀರು ತುಂಬ. ಕ್ಯಾಮೆರಾ ಈಗಲೂ ಓಡುತ್ತದೆ. ಹಿಂದಿನ ಪೆಂಟಿಯಂ ಕಂಪ್ಯೂಟರಿನಲ್ಲಿದ್ದ ಫೈರ್‌ವೈರ್ ಕಾರ್ಡನ್ನು ಬಿಚ್ಚಿ, ಹೊಸದಾಗಿ ಕೊಂಡ ವಿಂಡೋಸ್ 11 ಕಂಪ್ಯೂಟರಿಗೆ ಹಾಕೋಣ ಎಂದರೆ ಅದು ಕೂರುವುದೇ ಇಲ್ಲ. ಅಂಗಡಿಯವರು ‘ಇದನ್ನೆಲ್ಲ ಗುಜರಿಗೆ ಹಾಕಿ’ ಅಂದುಬಿಟ್ಟರು. ಅಂದಿನಿಂದ ಅಪ್ಪ ಮಾತೇ ಕಡಿಮೆ ಮಾಡಿದ್ದಾರೆ. ಹಳೇ ಗಿರಾಕಿಯೊಬ್ಬರು ತೀರಿಹೋದ ತಾಯಿಯ ವಿಡಿಯೋ ಬೇಕೆಂದು ಪದೇ ಪದೇ ಫೋನ್ ಮಾಡುತ್ತಿದ್ದಾರೆ. ಏನು ಮಾಡಲಿ?
– ಓದುಗ, ಸಾಗರ ತಾಲ್ಲೂಕು

ಉತ್ತರ: ಗುಜರಿಗೆ ಹಾಕಬೇಡಿ. ಕಾರ್ಡನ್ನೂ, ಅದನ್ನು ಬಿಚ್ಚಿದ ಡಬ್ಬವನ್ನೂ.

ಹಳೇ ಕಂಪ್ಯೂಟರ್ ಸತ್ತೇಹೋಗಿದೆಯೋ, ಸುಮ್ಮನೆ ಮೂಲೆ ಸೇರಿದೆಯೋ ನೀವು ಬರೆದಿಲ್ಲ. ಅದು ಇನ್ನೂ ಶುರುವಾಗುತ್ತದೆ ಎಂದಾದರೆ ಕಾರ್ಡನ್ನು ಇದ್ದಲ್ಲಿಗೇ ವಾಪಸ್ ಹಾಕಿ. ಎಕ್ಸ್‌ಪಿ ಇರಲಿ, ವಿಂಡೋಸ್ 7 ಇರಲಿ, ಅದರಲ್ಲೇ ಟೇಪು ಇಳಿಸಿ. ಹಳೇ ಹಾರ್ಡ್‌ವೇರನ್ನು ಹೊಸ ವಿಂಡೋಸಿಗೆ ಒಗ್ಗಿಸುವ ಹಟಕ್ಕೆ ಬಿದ್ದು ತಿಂಗಳುಗಟ್ಟಲೆ ಕಳೆದವರು ನನಗೆ ಬಹಳ ಪತ್ರ ಬರೆಯುತ್ತಾರೆ. ನಿಮಗೆ ಬೇಕಾಗಿರುವುದು ಟೇಪಿನಲ್ಲಿರುವ ಚಿತ್ರ. ಅದು ಯಾವ ಕಂಪ್ಯೂಟರಿನಿಂದ ಹೊರಬಂತು ಎಂದು ಗಿರಾಕಿ ಕೇಳುವುದಿಲ್ಲ. ಡಬ್ಬ ತೆರೆದು ದೂಳು ಹೊಡೆಯಿರಿ, ಮದರ್‌ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ, ಅಂದರೆ ಸಿಆರ್ 2032, ಹೊಸದು ಹಾಕಿ. ಇಂಟರ್ನೆಟ್ ಮಾತ್ರ ಕೊಡಬೇಡಿ. ಆ ಹಳೇ ವಿಂಡೋಸುಗಳಿಗೆ ಈಗ ಭದ್ರತಾ ಅಪ್‌ಡೇಟ್ ಬರುವುದಿಲ್ಲ.

ಹಳೆಯದು ಎದ್ದೇಳುವುದಿಲ್ಲ ಎಂದಾದರೆ ಮಾತ್ರ ಹೊಸ ಕಂಪ್ಯೂಟರಿನ ಕಡೆ ನೋಡೋಣ. ಅಲ್ಲಿ ನಿಮ್ಮ ಕಾರ್ಡ್ ಕೂರದಿರುವುದಕ್ಕೆ ವಿಂಡೋಸ್ ಕಾರಣವಲ್ಲ. ನಿಮ್ಮದು ಪಿಸಿಐ ಕಾರ್ಡ್. ಈಗಿನ ಮದರ್‌ಬೋರ್ಡುಗಳಲ್ಲಿ ಇರುವುದು ಪಿಸಿಐ ಎಕ್ಸ್‌ಪ್ರೆಸ್. ಹೆಸರು ಹತ್ತಿರ, ಸ್ಲಾಟ್ ಬೇರೆ. 2011ರ ಸುಮಾರಿಗೆ ಇಂಟೆಲ್ ತನ್ನ ಚಿಪ್‌ಸೆಟ್‌ಗಳಿಂದ ಪಿಸಿಐಯನ್ನು ಕೈಬಿಡತೊಡಗಿತು. ಬೋರ್ಡ್ ತಯಾರಿಸುವವರು ಬೇರೊಂದು ಚಿಪ್ ಇಟ್ಟು ಕೆಲವು ವರ್ಷ ಆ ಸ್ಲಾಟನ್ನು ಉಳಿಸಿದರು, ಆಮೇಲೆ ಅವರೂ ಬಿಟ್ಟರು. ಹಾಗಾಗಿ ಒತ್ತಿ ಕೂರಿಸಲು ಹೋಗಬೇಡಿ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹೊಂದುವ ಫೈರ್‌ವೈರ್ ಕಾರ್ಡುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವುದು ಸಿಕ್ಕರೆ ಅದನ್ನೇ ಆರಿಸಿ, ವಿಡಿಯೋ ಕೆಲಸದವರು ಮೊದಲಿನಿಂದಲೂ ನಂಬಿದ್ದು ಅದನ್ನೇ. ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ಫೈರ್‌ವೈರ್ ಇರುವ ಅಗ್ಗದ ಕೇಬಲ್ ತೋರಿಸಿದರೆ ಮುಟ್ಟಬೇಡಿ. ಅದು ಶುದ್ಧ ಮೋಸ. ಎರಡರ ಭಾಷೆಯೇ ಬೇರೆ, ಬರೀ ತಂತಿ ಅದನ್ನು ಅನುವಾದಿಸಲಾರದು.

ಕಾರ್ಡ್ ಕೂತ ಮೇಲೆ ಡ್ರೈವರ್. ಇಲ್ಲಿ ಮಾತ್ರ ತಪ್ಪು ವಿಂಡೋಸಿನದೇ. ವಿಂಡೋಸ್ 7ರಲ್ಲಿ ಫೈರ್‌ವೈರಿಗೆ ಎರಡು ಡ್ರೈವರ್ ಇದ್ದವು, ಹೊಸದೊಂದು, ಹಳೆಯದೊಂದು. ಕ್ಯಾಮೆರಾಗಳಿಗೆ ಎಷ್ಟೋ ಸಲ ಹೊಂದುತ್ತಿದ್ದದ್ದು ಹಳೆಯದು. ವಿಂಡೋಸ್ 8ರಿಂದ ಅದನ್ನು ತೆಗೆದುಹಾಕಿದರು. ಆಮೇಲೆ ಮೈಕ್ರೋಸಾಫ್ಟೇ ಅದನ್ನು ‘1394 ಓಎಚ್‌ಸಿಐ ಲೆಗಸಿ ಡ್ರೈವರ್’ ಎಂಬ ಹೆಸರಲ್ಲಿ ಬೇರೆಯಾಗಿ ಕೊಟ್ಟಿತು (1394 ಎಂದರೆ ಫೈರ್‌ವೈರೇ). ಇನ್‌ಸ್ಟಾಲ್ ಮಾಡಿದರೆ ಕೆಲಸ ಮುಗಿಯಿತು ಎಂದುಕೊಂಡೇ ಹೆಚ್ಚಿನವರು ಎಡವುವುದು. ಅದು ಫೈಲುಗಳನ್ನು ಡಿಸ್ಕಿನಲ್ಲಿ ತಂದಿಡುತ್ತದೆ ಅಷ್ಟೆ. ನೀವು ಡಿವೈಸ್ ಮ್ಯಾನೇಜರ್ ತೆರೆದು, 1394 ಹೋಸ್ಟ್ ಕಂಟ್ರೋಲರ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಅಪ್‌ಡೇಟ್ ಡ್ರೈವರ್’ಗೆ ಹೋಗಿ, ಡ್ರೈವರನ್ನು ನಾನೇ ಆರಿಸುತ್ತೇನೆ ಎಂದು ಹೇಳಿ, ಪಟ್ಟಿಯಲ್ಲಿ ಕೊನೆಗೆ ‘ಲೆಗಸಿ’ ಎಂದಿರುವುದನ್ನು ಕೈಯಾರೆ ಒತ್ತಬೇಕು. ಕಂಟ್ರೋಲರಿನ ಹೆಸರಿನ ಪಕ್ಕ ಎಚ್ಚರಿಕೆಯ ಹಳದಿ ತ್ರಿಕೋನ ಇಲ್ಲದಿದ್ದರೆ ಸರಿಹೋಯಿತು. ಕಾರ್ಡಿನ ಜೊತೆ ಬಂದ ಸಿ.ಡಿ.ಯನ್ನು ಹಾಕಲೇಬೇಡಿ. ಅದರಲ್ಲಿರುವುದು ಬಹುಪಾಲು 32 ಬಿಟ್ ಕಾಲದ ಸರಕು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, 32 ಬಿಟ್ ಡ್ರೈವರನ್ನು ಅದು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಇಷ್ಟಾದರೂ ಕ್ಯಾಮೆರಾ ಕಾಣಿಸದಿದ್ದರೆ ವಿಂಡೋಸಿನ ಜೊತೆ ಗುದ್ದಾಡುವುದನ್ನು ಬಿಟ್ಟು ಲಿನಕ್ಸ್ ನೋಡಿ. ಉಬುಂಟುವನ್ನು ಪೆನ್‌ಡ್ರೈವಿನಿಂದಲೇ ಓಡಿಸಬಹುದು. ಕಾರ್ಡಿಗೆ ಬೇಕಾದ ಡ್ರೈವರ್ ಕರ್ನಲ್ಲಿನೊಳಗೇ ಇದೆ, ‘ಡಿವಿಗ್ರ್ಯಾಬ್’ ಎಂಬ ಪುಟ್ಟ ತಂತ್ರಾಂಶ ಹಾಕಿಕೊಂಡರೆ ಟೇಪು ಇಳಿಯತೊಡಗುತ್ತದೆ. ಲಿನಕ್ಸಿನ ಫೈರ್‌ವೈರ್ ಭಾಗವನ್ನು 2029ರವರೆಗೆ ನೋಡಿಕೊಳ್ಳುವ ಯೋಜನೆಯಿದೆ. ಫೈರ್‌ವೈರಿನ ಹಿಂದಿದ್ದ ಆಪಲ್ ಕಂಪನಿಯೇ 2025ರ ಮ್ಯಾಕ್ ಓಎಸ್‌ನಲ್ಲಿ ಅದನ್ನು ಕೈಬಿಟ್ಟಿತು. ಹೆತ್ತವರು ಬಿಟ್ಟ ಮಗುವನ್ನು ಸಾಕುತ್ತಿರುವುದು ಲಿನಕ್ಸಿನವರು.

ಇನ್ನು ಕೆಲಸಕ್ಕೆ ಕೂತಾಗಿನ ಮಾತು. ಕೇಬಲ್ ಹಾಕುವಾಗ ಕ್ಯಾಮೆರಾ, ಕಂಪ್ಯೂಟರ್ ಎರಡೂ ಆಫ್ ಇರಲಿ. ಕಾರ್ಡಿನ ಆರು ಪಿನ್ನಿನ ಕಡೆ ಕರೆಂಟೂ ಹರಿಯುತ್ತದೆ. ತಿರುಗುಮುರುಗಾಗಿ ತುರುಕಿಯೋ, ಓಡುತ್ತಿರುವಾಗಲೇ ಚುಚ್ಚಿಯೋ ಡಿವಿ ಪೋರ್ಟು ಸುಟ್ಟುಕೊಂಡವರಿದ್ದಾರೆ. ಕ್ಯಾಮೆರಾದ ಆ ಪೋರ್ಟು ಹೋದರೆ ಉಳಿಯುವುದು ಹಳದಿ, ಬಿಳಿ, ಕೆಂಪು ಪಿನ್ನಿನ ಎವಿ ಕೇಬಲ್ ಒಂದೇ, ಅದರಲ್ಲಿ ಚಿತ್ರ ಮಂಕಾಗುತ್ತದೆ. ಒಂದು ಗಂಟೆಯ ಟೇಪು ಸುಮಾರು 13 ಜಿಬಿ ಆಗುತ್ತದೆ, ಇಳಿಯಲು ಪೂರ್ತಿ ಒಂದು ಗಂಟೆಯೇ ಹಿಡಿಯುತ್ತದೆ. ಅವಸರಕ್ಕೆ ದಾರಿಯಿಲ್ಲ. ಇಳಿಸಿದ ಫೈಲು ಸಾಗಿಸುವ ಪೆನ್‌ಡ್ರೈವ್ ಫ್ಯಾಟ್ 32 ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿ ಮೀರಿದ ಫೈಲನ್ನು ಒಪ್ಪುವುದಿಲ್ಲ, ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ.

ಆ ತಾಯಿಯ ಟೇಪನ್ನು ಮೊದಲು ಹಾಕಬೇಡಿ! ಯಾರಿಗೂ ಬೇಡದ ಟೇಪೊಂದನ್ನು ಓಡಿಸಿ, ಕ್ಯಾಮೆರಾ ಅದನ್ನು ಸುತ್ತಿಕೊಂಡು ನುಂಗುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಆ ಮನೆಯವರದು. ನಿಮ್ಮದು ಮಲೆನಾಡು. ಪ್ರತಿ ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಪುಡಿಯಂಥ ಬೂಷ್ಟು ಕಂಡರೆ ಅದನ್ನು ಪಕ್ಕಕ್ಕಿಡಿ. ಅಂಥದ್ದು ಕ್ಯಾಮೆರಾದ ಹೆಡ್ಡನ್ನೂ ಕೆಡಿಸುತ್ತದೆ, ಮುಂದೆ ಹಾಕುವ ಟೇಪುಗಳಿಗೂ ಹರಡುತ್ತದೆ. ಟೇಪು ಶುಚಿಮಾಡಿ ಇಳಿಸಿಕೊಡುವ ವೃತ್ತಿಪರರಿಗೆ ಅವನ್ನು ಕೊಡುವುದು ಲೇಸು.

ಅಪ್ಪನ ಬಗ್ಗೆ. ಅವರಿಗೆ ಸಮಾಧಾನ ಹೇಳುವ ಗೋಜಿಗೆ ಹೋಗಬೇಡಿ, ಕೆಲಸ ಕೊಡಿ. ಟೇಪನ್ನು ಮೊದಲಿಗೆ ಸುತ್ತುವುದು, ಹೆಡ್ ಕ್ಲೀನ್ ಮಾಡುವುದು ಅವರ ಕೈಗೆ ಪಳಗಿದ ಕೆಲಸ. ಅದಕ್ಕಿಂತ ಮುಖ್ಯವಾಗಿ, ಯಾವ ಮನೆಯ ಮದುವೆ, ಯಾವ ಛತ್ರ, ಯಾವ ವರ್ಷ ಎಂದು ಬಾಯಿಬಿಟ್ಟು ಹೇಳಬಲ್ಲವರು ಅವರೊಬ್ಬರೇ. ಅವರು ಹೇಳಿದ್ದನ್ನು ನೀವು ಫೈಲಿನ ಹೆಸರಾಗಿ ಬರೆದುಕೊಳ್ಳಿ. ಹಳೇ ಗಿರಾಕಿಗಳಿಂದ ಶ್ರಮಕ್ಕೆ ತಕ್ಕ ಹಣ ಕೇಳುವುದರಲ್ಲಿ ಸಂಕೋಚ ಬೇಡ. ಆದರೆ ಆ ಮನೆಗಳವರನ್ನು ಕೇಳದೆ ಯೂಟ್ಯೂಬಿಗೆ ಏನನ್ನೂ ಹಾಕಬೇಡಿ.

ಇಳಿಸಿದ್ದನ್ನು ಎರಡು ಬೇರೆ ಬೇರೆ ಡಿಸ್ಕಿನಲ್ಲಿಡಿ, ಟೇಪುಗಳನ್ನೂ ಎಸೆಯಬೇಡಿ. ಮುಂದಿನ ಮಳೆಗಾಲದ ಥಂಡಿ ಬೀರುವಿಗೆ ಇಳಿಯುವ ಮೊದಲು ಶುರುಮಾಡಿ.